ನಡುವೆ ಎಲ್ಲೂ ಇಳಿಯದೆ

ಫೆಬ್ರವರಿ ೧೧

ಮಗಳೇ,

ಸೊಸೆ ಅಂತ ಬರೆಯಬೇಕೋ ಬೇಡವೋ ಎಂದು ಯೋಚಿಸುತ್ತ ಕೂತರೆ ಈ ಕಾಗದ ಮುಗಿಯುವುದಿಲ್ಲ. ನೀನು ನನ್ನ ಮಗನನ್ನು ಬಿಟ್ಟೆ, ಅವನು ನಿನ್ನನ್ನು ಬಿಟ್ಟ. ನಾನು ಯಾರನ್ನೂ ಬಿಟ್ಟ ನೆನಪಿಲ್ಲ. ಆದ್ದರಿಂದ ಮಗಳೇ ಅಂತಲೇ ಇರಲಿ. ಫೋನು ಮಾಡಬಹುದಿತ್ತು. ಆದರೆ ಭಾನುವಾರದ ಫೋನು ಮಗುವಿನದು. ಅದರಲ್ಲಿ ನಾವಿಬ್ಬರೂ ಬಾಯಿ ಹಾಕಿದರೆ ಮೂರನೆಯ ಮಾತಿಗೇ ಜಗಳ. ಕಾಗದದಲ್ಲಾದರೆ ಬರೆದು ಮುಗಿಸುವಷ್ಟರಲ್ಲಿ ನನ್ನ ಸಿಟ್ಟು ಅರ್ಧ ಇಳಿದಿರುತ್ತದೆ.

ವಿಷಯ ಏನೆಂದರೆ, ನಿನ್ನೆ ಟಿಕೆಟಿನ ಅಂಗಡಿಗೆ ಹೋಗಿದ್ದೆ, ನಮ್ಮ ವಟವಟಿ ಮೊಮ್ಮಗಳ ಬೇಸಿಗೆ ರಜೆಗೆ ಈಗಲೇ ಸೀಟು ಹಿಡಿದಿಡೋಣ ಅಂತ. ಅಂಗಡಿಯವನು ಕಂಪ್ಯೂಟರು ನೋಡಿದ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. "ಅಮ್ಮ, ಏಪ್ರಿಲ್‌ನಿಂದ ಆ ವಿಮಾನ ಇಲ್ಲ" ಅಂದ.

"ಇಲ್ಲ ಅಂದ್ರೆ? ಕೆಟ್ಟುಹೋಯ್ತಾ?"

"ಕೆಟ್ಟಿಲ್ಲ, ನಿಲ್ಲಿಸ್ತಿದ್ದಾರೆ. ನಡುವೆ ಎರಡು ದೇಶಕ್ಕೆ ಜಗಳ ಹತ್ತಿದೆ. ಅವರ ಆಕಾಶದಲ್ಲಿ ಯಾರೂ ಹಾರೋ ಹಾಗಿಲ್ಲ. ಸುತ್ತು ಹಾಕ್ಕೊಂಡು ಹೋದ್ರೆ ಕಂಪನಿಗೆ ಗಿಟ್ಟಲ್ಲ."

ಒಂಬತ್ತೂವರೆ ಗಂಟೆಯ ದಾರಿ ಅದು. ಬೆಳಿಗ್ಗೆ ನೀನು ಕೊಟ್ಟ ಹಾಲು ಕುಡಿದು ಹೊರಟ ಮಗು ರಾತ್ರಿ ಊಟದ ಹೊತ್ತಿಗೆ ನನ್ನ ಮುಂದೆ ಕೂತಿರುತ್ತಿತ್ತು. ಈಗ ಯಾವುದೋ ಊರಲ್ಲಿ ಇಳಿದು, ಕಾದು, ಇನ್ನೊಂದು ವಿಮಾನ ಹತ್ತಬೇಕಂತೆ. ಎಲ್ಲ ಸೇರಿ ಇಪ್ಪತ್ತೊಂದು ಗಂಟೆ.

ನೀವಿಬ್ಬರೂ ಬೇರೆಯಾದಾಗ ವಕೀಲರ ಕೋಣೆಯಲ್ಲಿ ಬರೆಸಿದ್ದು ನಿನಗೂ ನೆನಪಿರಬೇಕು. 'ಮಗು ನಡುವೆ ಎಲ್ಲೂ ಇಳಿಯದೆ ಒಂದೇ ವಿಮಾನದಲ್ಲಿ ಬಂದುಹೋಗುವಂತಿದ್ದರೆ ಮಾತ್ರ, ಪ್ರತಿ ಬೇಸಿಗೆ ರಜೆಗೆ ತಂದೆಯ ಮನೆಗೆ ಕಳಿಸತಕ್ಕದ್ದು.' ಆ ಸಾಲಿಗೆ ಹಠ ಹಿಡಿದವಳು ನಾನೇ. ಆರು ವರ್ಷದ ಮಗು ಯಾವುದೋ ನಿಲ್ದಾಣದಲ್ಲಿ ದಿಕ್ಕು ತಪ್ಪಿ ನಿಂತ ಹಾಗೆ ನನಗೆ ಕನಸು ಬೀಳುತ್ತಿತ್ತು. ಬಸ್ಸು ನಿಲ್ಲಿಸಿದ್ದನ್ನು ನೋಡಿದ್ದೇನೆ, ರೈಲು ನಿಲ್ಲಿಸಿದ್ದನ್ನೂ ನೋಡಿದ್ದೇನೆ. ಅಷ್ಟು ದೊಡ್ಡ ವಿಮಾನವನ್ನೂ ನಿಲ್ಲಿಸುತ್ತಾರೆ ಅಂತ ಹೊಳೆಯಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ, ಮಾರ್ಚ್‌ನಲ್ಲೇ ಅವಳನ್ನು ಕಳಿಸು. ಎರಡು ವಾರ ಶಾಲೆ ತಪ್ಪಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಅವಳಪ್ಪನೂ ದಿನಾ ಕೇಳುತ್ತಾನೆ.

ನೀನು ಮಾಡಿಕೊಟ್ಟ ಹಲ್ಲಿನ ಸೆಟ್ಟು ಕೆಳಗಡೆ ಸಡಿಲವಾಗಿದೆ. ನಿನ್ನನ್ನು ಬೈಯುವುದಕ್ಕೂ ನೀನು ಮಾಡಿದ ಹಲ್ಲೇ ಬೇಕು, ನೋಡು ನನ್ನ ಗತಿ.

ನಿನ್ನ ಅತ್ತೆ


ಮಾರ್ಚ್ ೨

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಮಾರ್ಚ್‌ನಲ್ಲಿ ಪರೀಕ್ಷೆ ಇದೆ, ಕಳಿಸಲಾಗುವುದಿಲ್ಲ. ಬೇಸಿಗೆಗೆ ಬೇರೆ ದಾರಿಯಿದೆಯೇ ಎಂದು ನಾನೂ ವಿಚಾರಿಸಿದೆ. ಒಂಟಿಯಾಗಿ ಹೋಗುವ ಮಕ್ಕಳನ್ನು ವಿಮಾನದವರು ನೋಡಿಕೊಳ್ಳುವುದು ನೇರ ವಿಮಾನದಲ್ಲಿ ಮಾತ್ರವಂತೆ. ನಡುವೆ ಬದಲಿಸುವ ದಾರಿಯಾದರೆ ಹನ್ನೆರಡು ತುಂಬುವವರೆಗೆ ದೊಡ್ಡವರು ಜೊತೆಗಿರಲೇಬೇಕು. ಅವಳಿಗಿನ್ನೂ ಎಂಟು. ನಾನೇ ಕರೆತರೋಣವೆಂದರೆ ಹಲ್ಲು ಮಾಡುವ ಲ್ಯಾಬಿನಲ್ಲಿ ರಜೆ ಸಿಗುವುದಿಲ್ಲ. ಇಷ್ಟು ದೊಡ್ಡ ಊರಿನ ಹಲ್ಲುಗಳಿಗೆಲ್ಲ ನಾವು ಇಬ್ಬರೇ.

ಒಪ್ಪಂದದ ಆ ಸಾಲು ನೀವು ಬರೆಸಿದ್ದು. ಅದಕ್ಕೆ ನಾನೇನೂ ಸೇರಿಸಿಲ್ಲ.

ಮಗು ಚೆನ್ನಾಗಿದ್ದಾಳೆ. ಈಜು ಕಲಿಯುತ್ತಿದ್ದಾಳೆ. ಈಜು ಕಲಿಸುವವರು ಬಹಳ ತಾಳ್ಮೆಯವರು. ಮುಖಕ್ಕೆ ನೀರು ತಾಗಿದರೆ ಕಿರುಚುತ್ತಿದ್ದವಳು ಈಗ ತಳದಿಂದ ನಾಣ್ಯ ಎತ್ತಿ ತರುತ್ತಾಳೆ. ಇವಳು ಉಸಿರು ಚೆನ್ನಾಗಿ ಹಿಡಿಯುತ್ತಾಳೆ ಎಂದು ಅವರು ಹೇಳುತ್ತಾರೆ.

ಸೆಟ್ಟು ಸಡಿಲವಾಗಿದ್ದರೆ ನಿಮ್ಮ ಒಸಡು ಕುಗ್ಗಿದೆ ಎಂದರ್ಥ. ಅಲ್ಲಿ ಯಾರಿಗಾದರೂ ತೋರಿಸಿ. ಸುಮ್ಮನೆ ಅಂಟು ಹಚ್ಚಿಕೊಂಡು ಕಾಲ ತಳ್ಳಬೇಡಿ.

ಇಂತಿ ನಮಸ್ಕಾರಗಳು.


ಮಾರ್ಚ್ ೨೩

ಮಗಳೇ,

'ಇಂತಿ ನಮಸ್ಕಾರಗಳು' ಅಂತ ಬರೆದಿದ್ದೀ, ಯಾವುದೋ ಬ್ಯಾಂಕಿನಿಂದ ಬಂದ ಕಾಗದದ ಹಾಗೆ. ಇರಲಿ.

ಪಕ್ಕದ ಗಡಿಯಾರದ ಅಂಗಡಿಯಲ್ಲಿ ಒಂದು ಭೂಗೋಳವಿದೆ. ಅಂಗಡಿಯವನು ಚಹಾ ಕುಡಿಯಲು ಹೋದಾಗ ಒಂದು ದಾರ ಹಿಡಿದು ಕೂತೆ. ಗೋಡೆಯ ನಕ್ಷೆಯಲ್ಲಿ ನೋಡಿದರೆ ನೀನೊಂದು ತುದಿ, ನಾನೊಂದು ತುದಿ. ಗೋಳದ ಮೇಲೆ ದಾರ ಬಿಗಿಯಾಗಿ ಎಳೆದರೆ ಅದು ತಾನಾಗಿ ಮೇಲಕ್ಕೆ ಜಾರಿ, ಮಂಜಿನ ಬೆಟ್ಟಗಳನ್ನು ದಾಟಿ, ಸಮುದ್ರದ ಅಂಚಿನಲ್ಲಿ ನಿನ್ನ ಊರಿಗೆ ಇಳಿಯಿತು. ಒಟ್ಟು ಏಳೂವರೆ ಸಾವಿರ ಕಿಲೋಮೀಟರು. ಆ ಜಗಳಗಂಟ ದೇಶಗಳೆರಡೂ ಸರಿಯಾಗಿ ದಾರದ ಕೆಳಗೇ ಕೂತಿವೆ. ಅವುಗಳ ಮೇಲೆ ಹೆಬ್ಬೆರಳಿಟ್ಟು ಒತ್ತಿದೆ. ಅಷ್ಟರಲ್ಲಿ ಅಂಗಡಿಯವನು ಬಂದು "ಅದನ್ನ ಒಡೆದುಹಾಕ್ಬೇಡ್ರೀ, ಅಕ್ಕ" ಅಂದ.

ವಕೀಲರ ಹತ್ತಿರವೂ ಹೋಗಿಬಂದೆ. ಆ ಸಾಲನ್ನು ಹೊಡೆದುಹಾಕಬಹುದಂತೆ. ನಿನ್ನದೊಂದು ಸಹಿ, ಅವಳಪ್ಪನದೊಂದು ಸಹಿ ಬೇಕು. ಅವನದನ್ನು ನಾನು ಹಾಕಿಸಿ ಕಳಿಸುತ್ತೇನೆ, ಅದರ ಚಿಂತೆ ನಿನಗೆ ಬೇಡ. ಇನ್ನು ದೊಡ್ಡವರು ಜೊತೆಗಿರಬೇಕು ಅಂದೆಯಲ್ಲ, ನಾನಿಲ್ಲವೇ? ನಾನೇ ಅಲ್ಲಿಗೆ ಬಂದು ಕೈ ಹಿಡಿದು ಕರೆತರುತ್ತೇನೆ. ಇಪ್ಪತ್ತೊಂದು ಗಂಟೆ ಕೂರುವುದು ನನಗೇನು ಕಷ್ಟ? ಕುರ್ಚಿಗೆ ಬೆತ್ತ ಹೆಣೆಯುವ ಕೆಲಸದಲ್ಲಿ ಬದುಕೆಲ್ಲ ಕೂತೇ ಕಳೆದಿದ್ದೇನೆ. ವೀಸಾಕ್ಕೆ ನಿನ್ನಿಂದ ಒಂದು ಆಹ್ವಾನದ ಕಾಗದ ಬೇಕಂತೆ, ಇಂಥವರು ನನ್ನ ಮನೆಗೆ ಬರುತ್ತಿದ್ದಾರೆ ಅಂತ. ಬೇಗ ಕಳಿಸು.

ಹೋದ ಬೇಸಿಗೆಯಲ್ಲಿ ಅವಳು ಕುರ್ಚಿಯ ತೂತಿಗೆ ಬೆಣೆ ಹಾಕುವುದನ್ನು ಕಲಿತಿದ್ದಳು. ನಾನು ಬೆತ್ತದ ಪಟ್ಟಿ ಎಳೆಯುವುದು, ಅದು ಜಾರದ ಹಾಗೆ ಅವಳು ಬೆಣೆ ಒತ್ತುವುದು. ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. "ಅಜ್ಜಿ, ಕುರ್ಚಿಗೆ ಬೆನ್ನು ನೋಯಲ್ವಾ?" ಅಂತ ಕೇಳಿದ್ದಳು.

ನಿನ್ನ ಅತ್ತೆ


ಮೇ ೫

ಕಾಗದ ಬರಲಿಲ್ಲ. ಎರಡು ಭಾನುವಾರ ಫೋನೂ ಬರಲಿಲ್ಲ. ನಾನು ಮಾಡಿದರೆ ಯಾರೋ ಗಂಡಸು ಎತ್ತಿ ಏನೋ ಅಂದ, ನನಗೆ ತಿಳಿಯಲಿಲ್ಲ, ಇಟ್ಟುಬಿಟ್ಟೆ. ನಂಬರು ತಪ್ಪಿತೇನೋ.

ಒಂದು ಮಾತು ಹೇಳುತ್ತೇನೆ, ಬೇಜಾರಾದರೆ ಆಗಲಿ. ವಿಮಾನ ನಿಂತಿದ್ದು ನಿನಗೆ ಅನುಕೂಲವೇ ಆಯಿತು. ಮಗನ ಮೇಲಿನ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳುತ್ತಿದ್ದೀ. ಒಂದು ಕಾಗದ ಬರೆಯಲು ಎಷ್ಟು ಹೊತ್ತು ಬೇಕು? 'ಇವರು ಬರಲಿ' ಅನ್ನುವ ಎರಡು ಪದಕ್ಕೆ ಆರು ವಾರವೇ?

ಸಿಟ್ಟು ಇಳಿಯಲಿ ಅಂತ ಕಾದೆ. ಇಳಿಯಲಿಲ್ಲ. ಹಾಗೇ ಅಂಚೆಗೆ ಹಾಕುತ್ತಿದ್ದೇನೆ.


ಮೇ ೨೬

ಅತ್ತೆ,

ನಂಬರು ತಪ್ಪಿರಲಿಲ್ಲ. ಫೋನು ಎತ್ತಿದವರು ನನ್ನ ಗಂಡ. ಏಪ್ರಿಲ್‌ನಲ್ಲಿ ಮದುವೆಯಾದೆ. ಅವರು ನಮ್ಮ ಭಾಷೆಯವರಲ್ಲ. ಈ ಎರಡು ಸಾಲು ಬರೆಯಲು ಧೈರ್ಯ ಬರಲಿಲ್ಲವೆಂದೇ ಯಾವ ಸಾಲನ್ನೂ ಬರೆಯಲಿಲ್ಲ.

ಆಹ್ವಾನದ ಕಾಗದಕ್ಕೆ ಮೂರು ಸಲ ಕೂತೆ. ಅದೊಂದು ಅಚ್ಚಾದ ಕಾಗದ. ಬರುವವರ ಹೆಸರು, ವಯಸ್ಸು ಎಲ್ಲ ತುಂಬಿದೆ. ಆಮೇಲೆ 'ಬರುವವರು ನಿಮಗೆ ಏನಾಗಬೇಕು' ಎಂದಿತ್ತು. ಅತ್ತೆ ಎಂದು ಬರೆದರೆ ಈಗ ನನ್ನ ಅತ್ತೆ ಬೇರೆಯವರು. ಅವರು ಇದೇ ಊರಲ್ಲಿದ್ದಾರೆ. ಕೊನೆಗೆ 'ನನ್ನ ಮಗಳ ಅಜ್ಜಿ' ಎಂದು ಬರೆದೆ. ಕಚೇರಿಯವಳು ಅದನ್ನು ಓದಿ "ಹಾಗಾದ್ರೆ ನಿಮ್ಮ ತಾಯಿನಾ?" ಎಂದಳು. ಅಲ್ಲ ಎಂದೆ. ಅಷ್ಟು ಹೇಳಿ ಹೊರಗೆ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ಕಾಗದ ಇದರೊಂದಿಗಿದೆ.

ಇನ್ನೊಂದು ವಿಷಯ. ಮಗುವಿನ ಅಪ್ಪನ ಸಹಿ ಹಾಕಿಸಿ ಕಳಿಸುತ್ತೇನೆಂದು ಬರೆದಿದ್ದಿರಿ. ಬರಲಿಲ್ಲ. ನೀವು ಇಷ್ಟು ಒತ್ತಾಯ ಮಾಡುವುದು ಅವರು ಹೇಳಿಕೊಟ್ಟು ಎಂದು ನಾನು ತಿಳಿದಿದ್ದೆ. ಮೊನ್ನೆ ಮಗು ಹೇಳಿದಳು, ಹೋದ ಬೇಸಿಗೆಯ ಇಡೀ ರಜೆಯಲ್ಲಿ ಅಪ್ಪ ಎರಡು ದಿನ ಇದ್ದು ಹೋದರಂತೆ. ಅವರು ನಿಮ್ಮ ಮನೆಯಲ್ಲಿದ್ದಾರೆಯೇ, ಅತ್ತೆ?

ನಿಮ್ಮವಳು


ಜೂನ್ ೩೦

ಮಗಳೇ,

ಮೊದಲು ಮದುವೆಯ ಮಾತು. ಒಳ್ಳೆಯದಾಗಲಿ, ತಾಯಿ. ಈಜು ಕಲಿಸುವವರೇ ತಾನೆ? ಅಷ್ಟು ಚಿಕ್ಕ ಕಾಗದದಲ್ಲಿ ಅವರ ತಾಳ್ಮೆಯ ಮಾತು, ಅವರು ಹೇಳಿದ ಮಾತು ಎಲ್ಲ ಬಂದಾಗಲೇ ನನಗೆ ತಿಳಿಯಬೇಕಿತ್ತು. ನಾನು ಪೆದ್ದಿಯ ಹಾಗೆ ಒಸಡಿನ ಸಾಲನ್ನೇ ಮತ್ತೆ ಮತ್ತೆ ಓದಿದೆ. ಅವರು ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ. ನೋಡಿಕೊಳ್ಳದಿದ್ದರೆ ಬರೆ, ಅವರಿಗೆ ಅರ್ಥವಾಗದ ಭಾಷೆಯಲ್ಲಿ ಮನಸಾರೆ ಬೈಯುತ್ತೇನೆ.

ಈಗ ವೀಸಾ. ಹೊಸ ಚಪ್ಪಲಿ ಹಾಕಿಕೊಂಡು ಹೋಗಿದ್ದೆ. ಗಾಜಿನ ಆಚೆ ಒಬ್ಬ ಸಣ್ಣ ವಯಸ್ಸಿನವನು. ಒರಟನಲ್ಲ, ಪಾಪ.

"ಯಾರನ್ನ ನೋಡೋಕೆ ಹೋಗ್ತಿದೀರಿ?" ಅಂದ.

"ಮೊಮ್ಮಗಳನ್ನ. ನೋಡೋಕಲ್ಲ, ಕರಕೊಂಡು ಬರೋಕೆ."

"ಮಗುವಿನ ತಂದೆ ಎಲ್ಲಿದ್ದಾರೆ?"

ನಿನಗೆ ಬರೆದ ಸುಳ್ಳನ್ನೇ ಅವನಿಗೂ ಹೇಳಬೇಕು ಅಂತ ಬಾಯಿ ತೆರೆದೆ. ಪಕ್ಕದ ಗೋಡೆಯ ಮೇಲೆ, ಸುಳ್ಳು ಹೇಳಿದರೆ ಮುಂದೆಂದೂ ವೀಸಾ ಸಿಗುವುದಿಲ್ಲ ಅಂತ ದೊಡ್ಡದಾಗಿ ಬರೆದಿತ್ತು. "ಗೊತ್ತಿಲ್ಲಪ್ಪ" ಅಂದೆ. "ಮನೆಗೆ ಬರದೆ ವರ್ಷವಾಯ್ತು. ವಿಳಾಸ ಕೊಟ್ಟಿಲ್ಲ."

ಅವನು ಬರೆಯುವುದನ್ನು ನಿಲ್ಲಿಸಿದ. "ಹಾಗಾದ್ರೆ ನೀವು ವಾಪಸ್ ಬರ್ತೀರಿ ಅನ್ನೋದಕ್ಕೆ ಇಲ್ಲಿ ನಿಮ್ಮೋರು ಅಂತ ಯಾರಿದ್ದಾರೆ?"

"ಹನ್ನೊಂದು ಕುರ್ಚಿ ಇದೆ" ಅಂದೆ. "ಜನ ಕೊಟ್ಟು ಹೋಗಿದ್ದಾರೆ, ಬೆತ್ತ ಹೆಣೆದು ಕೊಡ್ಬೇಕು. ಬರದೆ ಇರೋಕಾಗುತ್ತಾ?"

ಅವನು ನಕ್ಕ. ಆಮೇಲೆ "ಕುರ್ಚಿ ಲೆಕ್ಕಕ್ಕೆ ಬರಲ್ಲ, ಅಮ್ಮ" ಅಂದ. ಎಷ್ಟು ಮೆಲ್ಲಗೆ ಅಂದನೆಂದರೆ, ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗಲಿಲ್ಲ.

ವೀಸಾ ಸಿಗಲಿಲ್ಲ. ಸಹಿಯೂ ಸಿಗುವುದಿಲ್ಲ. ನೀನು ಕೇಳಿದ್ದಕ್ಕೆ ಉತ್ತರವೂ ಇದರಲ್ಲೇ ಬಂತು. ನಾನು ಬೇಡಿಕೊಳ್ಳುತ್ತಿದ್ದುದೆಲ್ಲ ನನಗೋಸ್ಕರವೇ. ವಕೀಲರ ಕಾಗದದಲ್ಲಿ ತಂದೆ ಇದ್ದಾನೆ, ತಾಯಿ ಇದ್ದಾಳೆ, ವಿಮಾನವೂ ಇದೆ. ನಾನು ಎಲ್ಲೂ ಇಲ್ಲ.

ಭಾನುವಾರದ ಫೋನು ಮಾತ್ರ ತಪ್ಪಿಸಬೇಡ.

ನಿನ್ನ ಅತ್ತೆ (ಹಳೆಯದು)


ನವೆಂಬರ್ ೧೭

ಅತ್ತೆ,

ಇತ್ತೀಚೆಗೆ ಭಾನುವಾರದ ಮಾತು ಬೇಗ ಮುಗಿದುಹೋಗುತ್ತಿದೆ ಎಂದು ನಿಮಗೆ ಅನಿಸಿರಬಹುದು. ಅದನ್ನು ತಪ್ಪು ತಿಳಿಯಬೇಡಿ. ಶಾಲೆಯಲ್ಲಿ ಒಂದು ಭಾಷೆ, ಮನೆಗೆ ಬಂದರೆ ಇವರ ಜೊತೆಯೂ ಅದೇ. ನಾನೊಬ್ಬಳೇ ನಮ್ಮ ಮಾತಾಡುವವಳು. ಸಂಜೆ ಮನೆಗೆ ಬರುವಷ್ಟರಲ್ಲಿ ಲ್ಯಾಬಿನ ಮೇಣದ ವಾಸನೆಗೆ ನನಗೇ ತಲೆ ಭಾರ. ನಾನು ನಮ್ಮ ಭಾಷೆಯಲ್ಲಿ ಕೇಳುತ್ತೇನೆ, ಅವಳು ಶಾಲೆಯ ಭಾಷೆಯಲ್ಲಿ ಉತ್ತರಿಸುತ್ತಾಳೆ. ತಿದ್ದಲು ಹೋದರೆ ಸುಮ್ಮನಾಗಿಬಿಡುತ್ತಾಳೆ. ಒಂದು ಬೇಸಿಗೆ ನಿಮ್ಮ ಹತ್ತಿರ ಇದ್ದುಬಂದರೆ ಇಡೀ ವರ್ಷ ಬಾಯಲ್ಲಿ ಉಳಿಯುತ್ತಿತ್ತು. ಈ ವರ್ಷ ಅದು ತಪ್ಪಿತು.

ಹೋದ ವಾರ ಫೋನಿನಲ್ಲಿ ನೀವು ಏನೋ ಕೇಳಿದಾಗ "ಹೂಂ" ಎಂದು ಫೋನು ನನಗೆ ಕೊಟ್ಟಳಲ್ಲ, ಅವಳಿಗೆ ಬೇಜಾರಿರಲಿಲ್ಲ. ಪದ ಸಿಗಲಿಲ್ಲ.

ನಿಮ್ಮವಳು


ಫೆಬ್ರವರಿ ೪

ಮಗಳೇ, ಮಗಳೇ,

ವಿಮಾನ ಬಂತು! ಟಿಕೆಟಿನ ಅಂಗಡಿಯವನು ರಸ್ತೆ ದಾಟಿ ನನ್ನ ಬಾಗಿಲಿಗೇ ಬಂದು ಹೇಳಿದ. ನಾನು ಬೆತ್ತ ನೆನೆಹಾಕುತ್ತಿದ್ದೆ, ಒದ್ದೆ ಕೈಯಲ್ಲೇ ಅವನ ಕೈ ಹಿಡಿದುಕೊಂಡುಬಿಟ್ಟೆ. ಆ ದೇಶಗಳು ರಾಜಿ ಮಾಡಿಕೊಂಡವಂತೆ. ಒಂದು ಮೂಲೆ ಇನ್ನೂ ಮುಚ್ಚಿದೆ, ಅದಕ್ಕೇ ಸ್ವಲ್ಪ ಸುತ್ತು. ಹತ್ತೂವರೆ ಗಂಟೆ. ಹೆಚ್ಚಾದ ಒಂದು ಗಂಟೆ ನನ್ನ ಲೆಕ್ಕಕ್ಕೇ ಬರೆದುಕೊಳ್ಳಲಿ. ನಡುವೆ ಎಲ್ಲೂ ಇಳಿಯುವುದಿಲ್ಲ!

ಅವಳಪ್ಪ ಇಲ್ಲದ ಮನೆಗೆ ಕಳಿಸಬೇಕಾಗಿಲ್ಲ ಅಂತ ನೀನು ಅನ್ನಬಹುದು, ಕಾಗದದ ಪ್ರಕಾರ ಅದು ಸರಿ. ನಾನು ಕಾಗದ ಮುಂದಿಟ್ಟು ಕೇಳುತ್ತಿಲ್ಲ. ಸುಮ್ಮನೆ ಕೇಳುತ್ತಿದ್ದೇನೆ. ಮಾತು ಮರೆತಿದ್ದರೆ ಏನಾಯಿತು? ಒಂದು ವಾರ ನನ್ನ ಜೊತೆ ಬೆಣೆ ಒತ್ತಲಿ. ಬೈಗುಳ ಸಮೇತ ಎಲ್ಲ ವಾಪಸ್ ಬರುತ್ತದೆ.

ನಿನ್ನ ಅತ್ತೆ


ಮೇ ೧೯

ಅತ್ತೆ,

ಟಿಕೆಟು ಆಗಿದೆ. ಜೂನ್ ಹನ್ನೊಂದು. ಇಲ್ಲಿಂದ ಬೆಳಿಗ್ಗೆ ಹೊರಡುತ್ತದೆ, ನಿಮ್ಮ ಗಡಿಯಾರದಲ್ಲಿ ಆಗ ಹೆಚ್ಚುಕಡಿಮೆ ಮಧ್ಯಾಹ್ನ. ತಲುಪುವಾಗ ಅಲ್ಲಿ ರಾತ್ರಿಯಾಗಿರುತ್ತದೆ. ವಿಮಾನದವರು ಅವಳನ್ನು ಹೊರಗಿನ ಬಾಗಿಲಿನವರೆಗೆ ಕರೆತಂದು, ನಿಮ್ಮ ಗುರುತಿನ ಚೀಟಿ ನೋಡಿ ಒಪ್ಪಿಸುತ್ತಾರೆ. ಇವರು ಅವಳಿಗೊಂದು ಕೆಂಪು ಪೆಟ್ಟಿಗೆ ಕೊಡಿಸಿದ್ದಾರೆ.

ಅವಳು ಅಭ್ಯಾಸ ಮಾಡಿಕೊಳ್ಳುತ್ತಿದ್ದಾಳೆ. ಸ್ನಾನದ ಕೋಣೆಯಲ್ಲಿ ಒಬ್ಬಳೇ "ಅಜ್ಜಿ, ನಾನು ಬಂದೆ" ಎಂದು ಹೇಳಿಕೊಳ್ಳುವುದು ಕೇಳಿಸುತ್ತದೆ. "ಅದಾದ ಮೇಲೆ ಏನು ಹೇಳಲಿ?" ಎಂದು ನನ್ನನ್ನು ಕೇಳಿದಳು. ಅಜ್ಜಿಯೇ ಮಾತಾಡುತ್ತಾರೆ ಬಿಡು ಎಂದೆ.

ಸ್ವಲ್ಪ ಮಂಕಾಗಿದ್ದಾಳೆ. ಪ್ರಯಾಣದ ಗಾಬರಿ ಇರಬೇಕು. ಸರಿಹೋಗುತ್ತಾಳೆ.

ನಿಮ್ಮವಳು


ಜೂನ್ ೧೪

ಮಗಳೇ,

ಮೊನ್ನೆ ಫೋನಿನಲ್ಲಿ ನಾನು ಸರಿಯಾಗಿ ಮಾತಾಡಲಿಲ್ಲ. ನೀನು ಅಳುತ್ತಿದ್ದೆ, ನಾನು "ಆಯ್ತು ಬಿಡು, ಆಯ್ತು ಬಿಡು" ಅಂತ ಅಷ್ಟನ್ನೇ ಅಂದೆ. ಇಷ್ಟು ವರ್ಷದಲ್ಲಿ ನಾವಿಬ್ಬರೂ ಫೋನಿನಲ್ಲಿ ಜಗಳವಾಡದೆ ಮಾತು ಮುಗಿಸಿದ್ದು ಅದೇ ಮೊದಲು.

ಬೆಳಗಿನಿಂದ ಎಷ್ಟು ಸಲ ಫೋನು ಮಾಡಿದರೂ ಎತ್ತಲಿಲ್ಲ ಅಂದೆಯಲ್ಲ, ಎತ್ತುವವಳು ಮನೆಯಲ್ಲಿರಲಿಲ್ಲ. ಆ ವಿಮಾನ ಅಲ್ಲಿ ಮೇಲೇಳುವ ಮೊದಲೇ ನಾನು ಇಲ್ಲಿ ಬೀಗ ಹಾಕಿಕೊಂಡು ಹೊರಟಿದ್ದೆ. ಬಸ್ಸು ಕೆಟ್ಟರೆ? ದಾರಿ ತಪ್ಪಿದರೆ? ಮಗು ಬಂದು ನಿಂತಾಗ ನಾನಿಲ್ಲದಿದ್ದರೆ? ಹಾಗಂತ ಮಧ್ಯಾಹ್ನಕ್ಕೇ ನಿಲ್ದಾಣದಲ್ಲಿ ಕೂತಿದ್ದೆ. ಬಾಗಿಲಿಗೆ ಎದುರಾಗಿ, ಸಾಲು ಕುರ್ಚಿಯಲ್ಲಿ. ತಗಡಿನ ಕುರ್ಚಿಗಳು, ಕೂತವರ ಮೈ ತಣ್ಣಗಾಗುವಂಥವು.

ನಿನಗೆ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತೀ, ಆದರೂ ಹೇಳುತ್ತೇನೆ. ಅಷ್ಟು ಒಳ್ಳೆಯ ದಿನ ನಾನು ಈಚೆಗೆ ಕಂಡಿರಲಿಲ್ಲ. ದಾರಿ ನನಗೆ ಬಾಯಿಪಾಠವಾಗಿತ್ತು. ಈಗ ಸಮುದ್ರದ ಅಂಚು ಬಿಟ್ಟಳು, ಈಗ ಮಂಜಿನ ಬೆಟ್ಟ ಹತ್ತಿದಳು ಅಂತ ಒಳಗೇ ಹೇಳಿಕೊಳ್ಳುತ್ತಿದ್ದೆ. ನೆಲ ಒರೆಸುವ ಹೆಂಗಸು ಮೂರನೆಯ ಸಲ ನನ್ನ ಕಾಲ ಕೆಳಗೆ ಒರೆಸಲು ಬಂದವಳು ಕೇಳಿದಳು, "ಯಾರು ಬರ್ತಿದ್ದಾರೆ, ಅಜ್ಜಿ?"

"ಮೊಮ್ಮಗಳು. ಈಗ ಬೆಟ್ಟದ ಮೇಲಿದ್ದಾಳೆ."

"ಬೆಟ್ಟದ ಮೇಲಾ? ಚಳಿಗೆ ಏನಾದ್ರೂ ಹೊದ್ದುಕೊಂಡಿದ್ದಾಳಾ?"

"ಅವಳಮ್ಮ ಹೊದಿಸಿರ್ತಾಳೆ ಬಿಡು" ಅಂದೆ. ಇಬ್ಬರೂ ನಕ್ಕೆವು.

ಆ ಜಗಳದ ದೇಶಗಳನ್ನು ದಾಟುವ ಹೊತ್ತಿನಲ್ಲಿ ಮಾತ್ರ ನಾನು ಅಲ್ಲಾಡದೆ ಕೂತಿದ್ದೆ, ಎದ್ದರೆ ಏನಾದರೂ ಕೆಟ್ಟೀತು ಅನ್ನುವ ಹಾಗೆ. ದಾಟಿದಳು ಅಂದುಕೊಂಡ ಮೇಲೆಯೇ ಎದ್ದು ಹೋಗಿ ನೀರು ಕುಡಿದೆ.

ಬೋರ್ಡಿನಲ್ಲಿ ವಿಮಾನ ಇಳಿಯಿತು ಅಂತ ಬಂತು. ಬಾಗಿಲು ತೆರೆಯಿತು. ಜನ ಬಂದರು, ಪೆಟ್ಟಿಗೆ ತಳ್ಳಿಕೊಂಡು ಬಂದರು, ಒಬ್ಬರನ್ನೊಬ್ಬರು ಅಪ್ಪಿಕೊಂಡರು, ಹೋದರು. ಕೆಂಪು ಪೆಟ್ಟಿಗೆ ಎರಡು ಸಲ ಬಂತು, ಎರಡೂ ಬೇರೆಯವರದು. ಬಾಗಿಲು ಮುಚ್ಚಿತು. ಇನ್ನೊಂದು ಸಲ ತೆರೆದಾಗ ವಿಮಾನದ ಸಿಬ್ಬಂದಿಯೇ ಹೊರಗೆ ಬಂದರು. ಕೌಂಟರಿನವನಿಗೆ ನನ್ನ ಗುರುತಿನ ಚೀಟಿ ತೋರಿಸಿದೆ. ಅವನು ಯಾರಿಗೋ ಫೋನು ಮಾಡಿ ಕೇಳಿ, "ಅಮ್ಮ, ಆ ಸೀಟು ಖಾಲಿ ಬಂತು. ಮಗು ಹತ್ತಲೇ ಇಲ್ಲ" ಅಂದ.

ಆ ಹತ್ತೂವರೆ ಗಂಟೆ ಅವಳು ಎಲ್ಲಿದ್ದಳು ಅಂತ ಬಸ್ಸಿನಲ್ಲಿ ಯೋಚಿಸುತ್ತ ಬಂದೆ. ಅವಳು ಅಷ್ಟೂ ಹೊತ್ತು ನಿನ್ನ ಮನೆಯಲ್ಲೇ ಇದ್ದಳು. ಬಹುಶಃ ಮಂಚದ ಮೇಲೆ ಮುಖ ಮುಚ್ಚಿಕೊಂಡು ಮಲಗಿದ್ದಳು. ನಾನು ಬೆಟ್ಟ ದಾಟಿಸಿದ್ದು ಬರೀ ಒಂದು ಸೀಟನ್ನು. ಬೀಗ ತೆಗೆಯುವಾಗ ಒಳಗೆ ನಿನ್ನ ಫೋನು ಹೊಡೆದುಕೊಳ್ಳುತ್ತಿತ್ತು.

ಒಂಟಿ ಮಕ್ಕಳನ್ನು ಹತ್ತಿಸುವ ಮೊದಲು, ತಾಯಿಯನ್ನು ದೂರ ನಿಲ್ಲಿಸಿ, 'ನಿನ್ನ ಇಷ್ಟದಿಂದ ಹೋಗ್ತಿದೀಯಾ' ಅಂತ ಕೇಳುವುದು ಅವರ ನಿಯಮ ಅಂದೆಯಲ್ಲ. ಒಳ್ಳೆಯ ನಿಯಮ. ನಾನೇ ಆ ಕಂಪನಿಯಲ್ಲಿದ್ದಿದ್ದರೆ ನಾನೂ ಹಾಗೇ ಬರೆಸುತ್ತಿದ್ದೆ. ಇಲ್ಲ ಅಂದ ಮಗುವನ್ನು ಹತ್ತಿಸದೆ ಇದ್ದದ್ದೂ ಸರಿ. ನೀನು ಅವಳಿಗೆ ಒಂದು ಮಾತೂ ಅನ್ನಬೇಡ, ಕಣೇ. ಮುಂದಿನ ಬೇಸಿಗೆಯ ಮಾತನ್ನೂ ಎತ್ತಬೇಡ. 'ಅಜ್ಜಿ, ನಾನು ಬಂದೆ' ಅಂದ ಮೇಲೆ ಮುಂದೇನು ಹೇಳಬೇಕು ಅಂತ ತಿಳಿಯದ ಮನೆಯಲ್ಲಿ ಇಡೀ ರಜೆ ಕಳೆಯಲು ದೊಡ್ಡವರಿಗೂ ಭಯವಾಗುತ್ತದೆ. ಅಜ್ಜಿಯೇ ಮಾತಾಡುತ್ತಾರೆ ಅಂದೆಯಲ್ಲ. ಅವಳು ಹೆದರಿದ್ದು ಅದಕ್ಕೇ ಇರಬೇಕು.

ಫೋನಿನಲ್ಲಿ ಒಂದು ಮಾತು ಕೇಳಬೇಕು ಅಂತ ಇದ್ದೆ. ಅಲ್ಲಿನ ಕೌಂಟರಿನವಳು ಮಗುವನ್ನು ಕೇಳಿದ್ದು ಅವರ ಭಾಷೆಯಲ್ಲೇ, ಅದು ಸರಿ. ಆಮೇಲೆ ಮಗು ಓಡಿಬಂದು ನಿನ್ನ ಸೊಂಟ ತಬ್ಬಿಕೊಂಡು ನಿನಗೂ ಹೇಳಿದಳು ಅಂದೆಯಲ್ಲ, ಅಜ್ಜಿ ಮನೆಗೆ ಹೋಗಲ್ಲ ಅಂತ. ಆ ಮಾತನ್ನು ಅವಳು ನಿನಗೆ ಯಾವ ಭಾಷೆಯಲ್ಲಿ ಹೇಳಿದಳು? ನಮ್ಮ ಮಾತಿನಲ್ಲೇ ಹೇಳಿದ್ದರೆ ಒಂದು ಸಾಲು ಬರೆದು ಹಾಕು, ನನಗೆ ಅಷ್ಟು ಸಾಕು. ಬೇರೆಯದರಲ್ಲಿ ಹೇಳಿದ್ದರೆ ಈ ಕಾಗದಕ್ಕೆ ಉತ್ತರ ಬರೆಯಬೇಡ. ನಿನ್ನ ಕಾಗದ ದಾರಿಯಲ್ಲಿದೆ ಅಂತಲೇ ನಾನು ಅಂದುಕೊಂಡಿರುತ್ತೇನೆ.

ನಿನ್ನ ಅತ್ತೆ